ಸೋರು ಮೂಲೆಗೂ ಒಂದು ನಂಬರು

ಎರಡು ವರ್ಷದ ಹಿಂದಿನವರೆಗೆ ನಮ್ಮ ಗೋಡೌನಿನಲ್ಲಿ ಯಾರದಾದರೂ ಅಡಿಕೆ ಚೀಲ ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಇದ್ದದ್ದು ಒಂದೇ ದಾರಿ. ಮೇಸ್ತ್ರಿಯನ್ನು ಕೂಗುವುದು. ಅವರು ಬಾಯಲ್ಲಿದ್ದ ಕವಳ ಉಗಿದು ಬಂದು, ತಗಡಿನ ಮಾಡನ್ನೇ ಒಂದು ಗಳಿಗೆ ನೋಡಿ, "ಬಾವಿ ಬಾಗಿಲ ಹತ್ರ, ಎರಡನೇ ನಿಟ್ಟು, ಅಡಿಯಿಂದ ಮೂರನೇ ಸಾಲು" ಎನ್ನುತ್ತಿದ್ದರು. ನೂರರಲ್ಲಿ ತೊಂಬತ್ತೈದು ಸಲ ಚೀಲ ಅಲ್ಲೇ ಇರುತ್ತಿತ್ತು. ನಾನು ಇಲ್ಲಿ ಬರೆಯುತ್ತಿರುವುದು ಉಳಿದ ಐದು ಸಲದ ಕತೆ.

ಗೋಡೌನು ಅಪ್ಪನದು. ಶಿವಮೊಗ್ಗದ ಸಾಗರ ರಸ್ತೆಯಲ್ಲಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬೆಳೆಗಾರರು ಅಡಿಕೆ ತಂದು ಇಡುತ್ತಾರೆ. ರೇಟು ಬಂದರೆ ಮಾರುತ್ತಾರೆ, ಬರದಿದ್ದರೆ ಮುಂದಿನ ಕೊಯ್ಲಿನವರೆಗೂ ಕಾಯುತ್ತಾರೆ. ಒಬ್ಬರದು 8 ಚೀಲ, ಇನ್ನೊಬ್ಬರದು 60. ಚೀಲಕ್ಕೆ 65 ಕೆಜಿ ಆಸುಪಾಸು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ದರ್ಜೆಗಳೂ ಬೇರೆ ಬೇರೆ. ಒಬ್ಬರದು ಇನ್ನೊಬ್ಬರದಕ್ಕೆ ಸೇರಬಾರದು, ಬೆಟ್ಟೆ ಹೋಗಿ ರಾಶಿಗೆ ಸೇರಬಾರದು. ಕೊಯ್ಲು ಮುಗಿದ ಮೇಲೆ ಒಳಗೆ ನಾಲ್ಕು ಸಾವಿರದ ಹತ್ತಿರ ಚೀಲ ಇರುತ್ತವೆ. ಎಲ್ಲವೂ ಗೋಣಿಚೀಲ. ಎಲ್ಲವೂ ಒಂದೇ ಬಣ್ಣ.

ತಮಾಷೆ ಏನೆಂದರೆ ಮಾರಾಟದ ಕಡೆ ಕಂಪ್ಯೂಟರ್ ಬಂದು ಎಷ್ಟೋ ವರ್ಷ ಆಗಿತ್ತು. ಕರ್ನಾಟಕದ ಎಪಿಎಂಸಿಗಳಲ್ಲಿ ಏಕೀಕೃತ ಮಾರುಕಟ್ಟೆಯ ಆನ್‌ಲೈನ್ ಟೆಂಡರ್ 2014ರಲ್ಲೇ ಶುರುವಾಯಿತು. ವರ್ತಕರು ಕೂತಲ್ಲಿಂದಲೇ ರೇಟು ಹಾಕುತ್ತಾರೆ. ಆ ಲಾಟು ಗೋಡೌನಿನ ಯಾವ ಮೂಲೆಯಲ್ಲಿದೆ ಎಂಬುದು ಮಾತ್ರ ಗೋಡೆ ಮೇಲಿನ ಸೀಮೆಸುಣ್ಣದ ಗೀಟಿನಲ್ಲಿ ಮತ್ತು ಮೇಸ್ತ್ರಿಯ ತಲೆಯಲ್ಲಿ ಇತ್ತು.

ಎಡವಟ್ಟು ಆದದ್ದು ಹೀಗೆ. ಹೊಸನಗರದ ಕಡೆಯ ಇಬ್ಬರು ಬೆಳೆಗಾರರು. ಊರು ಒಂದೇ, ಹೆಸರಿನ ಮೊದಲಕ್ಷರಗಳೂ ಒಂದೇ. ಚೀಲದ ಮೇಲೆ ತಗಡಿನ ಅಚ್ಚು ಇಟ್ಟು ಬಣ್ಣ ಬಳಿದ ಆ ಎರಡಕ್ಷರವೇ ನಮಗೆ ಗುರುತು. ಒಬ್ಬರು ಮಗನ ಕಾಲೇಜು ಫೀಸಿಗೆಂದು 20 ಚೀಲ ರಾಶಿ ಮಾರಲು ಹೇಳಿದರು. ಲಾರಿಗೆ ಹೋದ 20ರಲ್ಲಿ 6 ಚೀಲ ಇನ್ನೊಬ್ಬರದು. ಆ ಇನ್ನೊಬ್ಬರು ರೇಟಿಗಾಗಿ ಕಾಯುತ್ತಿದ್ದವರು. ಎರಡು ತಿಂಗಳ ನಂತರ ರೇಟು ಏರಿತು, ಅವರು ಬಂದರು, ಎಣಿಸಿದರು, 6 ಕಡಿಮೆ. ಅಪ್ಪ ಅವತ್ತಿನ ರೇಟಿನ ಪ್ರಕಾರ ಕೈಯಿಂದ ದುಡ್ಡು ಕೊಟ್ಟರು. ಅವರು ತೆಗೆದುಕೊಂಡರು. ಒಂದು ಮಾತೂ ಜೋರಾಗಿ ಆಡಲಿಲ್ಲ. ಮಾರನೇ ವಾರ ಟೆಂಪೋ ತಂದು ಉಳಿದ ಅಷ್ಟೂ ಚೀಲ ಹೇರಿಕೊಂಡು ಬೇರೆ ಕಡೆ ಇಟ್ಟರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತ ಗಾದೆ ಇದೆಯಲ್ಲ. ನಮ್ಮ ಮನೆಯಲ್ಲಿ ಅದು ಅಕ್ಷರಶಃ ಅಡಿಕೆಗೇ ಹೋಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: "ನಿನ್ನ ಬೆಂಗಳೂರಿನ ಗೋಡೌನಿನಲ್ಲಿ ಇಂಥದ್ದೆಲ್ಲ ಆಗ್ತಿರಲಿಲ್ವೇನೇ?"

ನಾನು ಹೊಸಕೋಟೆ ಹತ್ತಿರದ ಒಂದು ದೊಡ್ಡ ಆನ್‌ಲೈನ್ ಅಂಗಡಿಯ ಗೋಡೌನಿನಲ್ಲಿ ಐದು ವರ್ಷ ಸ್ಟಾಕ್ ಲೆಕ್ಕ ನೋಡಿಕೊಂಡವಳು. ಅಲ್ಲಿ ಸೋಪಿನ ಪಕ್ಕ ಪುಸ್ತಕ, ಪುಸ್ತಕದ ಪಕ್ಕ ಕುಕ್ಕರಿನ ಗ್ಯಾಸ್ಕೆಟ್ ಇಡುತ್ತಿದ್ದರು. ಎಲ್ಲಿ ಜಾಗ ಖಾಲಿಯೋ ಅಲ್ಲಿ. ಇಡುವವನು ಮೊದಲು ಸಾಮಾನಿನ ಬಾರ್‌ಕೋಡ್, ಆಮೇಲೆ ಗೂಡಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು, ನೆನಪಿಟ್ಟುಕೊಳ್ಳುವುದು ಕಂಪ್ಯೂಟರಿನ ಕೆಲಸ. ಇದನ್ನು ಹೇಳಿದಾಗ ಅಪ್ಪ, "ಅದು ಗೋಡೌನಾ, ಸಂತೆಯಾ?" ಎಂದು ನಕ್ಕರು. ಆದರೆ ಅದರಲ್ಲಿ ಒಂದು ಜಾಣತನ ಇದೆ. ಒಂದೇ ಥರದ ಹತ್ತು ಶರ್ಟು ಅಕ್ಕಪಕ್ಕ ಇದ್ದರೆ ಕೈ ತಪ್ಪಿ ಬೇರೆ ಸೈಜು ಬರುತ್ತದೆ. ಶರ್ಟಿನ ಪಕ್ಕ ಬಾಣಲೆ ಇದ್ದರೆ ಯಾರೂ ತಪ್ಪಿ ಬಾಣಲೆ ಎತ್ತುವುದಿಲ್ಲ, ಅಲ್ವಾ? ನಮ್ಮಲ್ಲಿ ಪಕ್ಕದಲ್ಲಿ ಇಡಲು ಬಾಣಲೆಯೇ ಇಲ್ಲ. ಇರುವುದು ಬರೀ ಶರ್ಟು, ಅದೂ ಒಂದೇ ಸೈಜಿನದು.

ನಾನು ಮೊದಲು ಮಾಡಿದ್ದು ತಪ್ಪು ಆಯ್ಕೆ. ಅದನ್ನು ಹೇಳಿಬಿಡುತ್ತೇನೆ. ಹೊಸದೆಂದರೆ ನನಗೆ ಸ್ವಲ್ಪ ಹುಚ್ಚು ಜಾಸ್ತಿ. ಆರ್‌ಎಫ್‌ಐಡಿ ಹಾಕಿಸೋಣ ಎಂದೆ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಇದೇ ಜಾತಿಯದು. 2021ರ ಫೆಬ್ರವರಿಯಲ್ಲಿ ಟೋಲ್‌ನಲ್ಲಿ ಅದು ಕಡ್ಡಾಯ ಆದ ಮೇಲೆ ಎಲ್ಲರಿಗೂ ಗೊತ್ತು. ಟ್ಯಾಗಿನಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರಿನಿಂದ ಬರುವ ರೇಡಿಯೋ ಅಲೆಯೇ ಅದಕ್ಕೆ ಊಟ. ಆ ಶಕ್ತಿಯಲ್ಲಿ ಎಚ್ಚರವಾಗಿ ತನ್ನ ನಂಬರು ಹೇಳಿ ಮತ್ತೆ ಮಲಗುತ್ತದೆ. ಚೀಲಕ್ಕೆ ಒಂದೊಂದು ಟ್ಯಾಗು, ಬಾಗಿಲಿಗೆ ಒಂದು ರೀಡರು. ಹಮಾಲಿಯವರು ಚೀಲ ಹೊತ್ತು ದಾಟಿದರೆ ಸಾಕು, ಎಣಿಕೆ ತಾನೇ ಆಗುತ್ತದೆ. ಕಾಗದದ ಮೇಲೆ ಎಷ್ಟು ಚೆಂದ!

ಡಿಸೆಂಬರಿನಲ್ಲಿ 200 ಚೀಲಕ್ಕೆ ಕಟ್ಟಿ ನೋಡಿದೆವು. ಡೆಮೊ ಕೊಡಲು ಬಂದ ಹುಡುಗ ಬಾಗಿಲಲ್ಲಿ ನಿಂತು ಒಂದೊಂದು ಚೀಲಕ್ಕೂ ಬೀಪ್ ಬೀಪ್ ಅನ್ನಿಸಿದ. ಅಪ್ಪ ಖುಷಿಯಾಗಿ ಅವನಿಗೆ ಅರ್ಧ ಕೆಜಿ ಕಾಳುಮೆಣಸು ಕಟ್ಟಿಕೊಟ್ಟರು. ಜೂನ್ ಬಂತು. ಆರಿದ್ರಾ ಮಳೆ ಹಿಡಿದ ವಾರ ಬೀಪ್ ಬಿಟ್ಟು ಬಿಟ್ಟು ಬರತೊಡಗಿತು. ಇಪ್ಪತ್ತು ಚೀಲ ಹೊರಗೆ ಹೋದರೆ ಹದಿಮೂರು ಎನ್ನುತ್ತಿತ್ತು, ಹದಿನೈದು ಎನ್ನುತ್ತಿತ್ತು. ಭಾರತದಲ್ಲಿ ಈ ಟ್ಯಾಗುಗಳು ಮಾತಾಡುವುದು 865ರಿಂದ 867 ಮೆಗಾಹರ್ಟ್ಸ್ ಸುತ್ತಮುತ್ತ. ಆ ಅಲೆಯನ್ನು ನೀರು ಕುಡಿದುಬಿಡುತ್ತದೆ. ತೇವ ಹಿಡಿದ ಗೋಣಿ, ಅದರ ಹಿಂದೆ 65 ಕೆಜಿ ಅಡಿಕೆ, ಅದರ ಪಕ್ಕ ಬೆವರಿನಲ್ಲಿ ತೊಯ್ದ ಹಮಾಲಿಯ ಬೆನ್ನು. ಟ್ಯಾಗಿಗೆ ಊಟವೇ ತಲುಪುತ್ತಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಮಳೆ ಶಿವಮೊಗ್ಗ ಪೇಟೆಗೆ ಬರುವುದಿಲ್ಲ, ನಿಜ. ಆದರೆ ಆ ಕಡೆಯಿಂದ ಬರುವ ಚೀಲ ಅಲ್ಲಿನ ತೇವ ಹೊತ್ತುಕೊಂಡೇ ಬರುತ್ತದೆ. ಇದನ್ನು ಡಿಸೆಂಬರಿನ ಬಿಸಿಲಲ್ಲಿ ಪರೀಕ್ಷೆ ಮಾಡಿದ ನನ್ನ ಬುದ್ಧಿಗೆ ಏನೆನ್ನಬೇಕು! ರೀಡರು ವಾಪಸ್ ಹೋಯಿತು. ಕಾಳುಮೆಣಸು ವಾಪಸ್ ಬರಲಿಲ್ಲ.

ಆಮೇಲೆ ಹಿಡಿದದ್ದು ಕ್ಯೂಆರ್ ಕೋಡ್. ಸೊಪ್ಪಿನ ಅಂಗಡಿಯಲ್ಲೂ ದುಡ್ಡು ಕೊಡಲು ತೋರಿಸುತ್ತಾರಲ್ಲ, ಅದೇ. ಅದು ಹುಟ್ಟಿದ್ದು ದುಡ್ಡಿಗಲ್ಲ, ಜಪಾನಿನ ಕಾರು ಕಾರ್ಖಾನೆಗಳ ಬಿಡಿಭಾಗದ ಲೆಕ್ಕಕ್ಕೆ. ಡೆನ್ಸೊ ಕಂಪನಿ 1994ರಲ್ಲಿ ಹೊರತಂದದ್ದು. ಎಣ್ಣೆ, ಮಸಿ ಮೆತ್ತಿದರೂ ಓದಬೇಕು ಎಂದೇ ಅದರೊಳಗೆ ಒಂದು ಉಪಾಯ ಇಟ್ಟಿದ್ದಾರೆ. ಇರುವ ಮಾಹಿತಿಯ ಜೊತೆಗೆ ಅದನ್ನು ಸರಿಪಡಿಸಿಕೊಳ್ಳುವ ಲೆಕ್ಕವೂ ಅದೇ ಚೌಕದಲ್ಲಿ ಅಚ್ಚಾಗಿರುತ್ತದೆ. ನಾಲ್ಕು ಮಟ್ಟಗಳಿವೆ. ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿ ಸುಮಾರು ಶೇ. 30ರಷ್ಟು ಹಾಳಾದರೂ ಓದಲು ಬರುತ್ತದೆ. ನಮಗೆ ಬೇಕಿದ್ದದ್ದು ಅದೇ ಮಟ್ಟ. ನಮ್ಮಲ್ಲಿ ಎಣ್ಣೆ ಮಸಿ ಇಲ್ಲ, ಅಡಿಕೆ ಬೇಯಿಸಿದ ಚೊಗರಿನ ಕಲೆ ಇದೆ, ಕೊಕ್ಕೆಯ ತೂತು ಇದೆ.

ಕೋಡು ಸರಿ, ಅದನ್ನು ಚೀಲಕ್ಕೆ ಅಂಟಿಸುವುದೇ ದೊಡ್ಡ ಪಜೀತಿ. ಗೋಣಿಗೆ ಗೋಂದು ಹಿಡಿಯುವುದಿಲ್ಲ. ಅಂಟಿಸಿದ ಸ್ಟಿಕ್ಕರು ನಿಟ್ಟು ಹಾಕುವಷ್ಟರಲ್ಲಿ ನೆಲದ ಮೇಲೆ. ಅದೂ ಸಾಲದೆಂಬಂತೆ ಮೊದಲು ತಂದದ್ದು ಬಸ್ ಟಿಕೆಟಿನಂಥ ಥರ್ಮಲ್ ಕಾಗದ. ಬಿಸಿ ತಾಗಿದರೆ ಕಪ್ಪಾಗುವುದೇ ಅದರ ಗುಣ. ಅಂಗಳದ ಬಿಸಿಲಿಗೆ ಸಿಕ್ಕಿದವು ಪೂರ್ತಿ ಮಬ್ಬಾದವು. ರಿಬ್ಬನ್ ಹಾಕಿ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕುವ ಪ್ರಿಂಟರು ತಂದ ಮೇಲೆ ಬಣ್ಣದ ತೊಂದರೆ ಹೋಯಿತು. ಅಂಟಿನ ತೊಂದರೆ ಬಗೆಹರಿಸಿದ್ದು ಮೇಸ್ತ್ರಿ. ನಾನು ಮೂರು ಥರದ ಗೋಂದು ಜೋಡಿಸಿಕೊಂಡು ಕೂತಿದ್ದೆ. ಅವರು ನೋಡಿ ನೋಡಿ, "ಎಂತಕ್ಕೆ ಪುಟ್ಟಮ್ಮ ಅಂಟಿಸ್ತೀ? ಬಾಯಿ ಹೊಲಿಯೋವಾಗ ಇದನ್ನೂ ಸೇರ್ಸಿ ಹೊಲಿದ್ರೆ ಆತಲ್ಲ" ಎಂದರು. ಎಂದವರೇ ದಬ್ಬಣ ತೆಗೆದುಕೊಂಡು, ಚೀಟಿಯ ತುದಿಯಲ್ಲಿ ಚುಚ್ಚಿ, ಸುತಳಿಯಲ್ಲಿ ಎರಡು ಹೊಲಿಗೆ ಹಾಕಿ ತೋರಿಸಿದರು. ಈವರೆಗೆ ಒಂದೂ ಬಿದ್ದಿಲ್ಲ.

ಚೀಲಕ್ಕೆ ಹೆಸರು ಬಂತು. ಜಾಗಕ್ಕೆ ಬೇಕಲ್ಲ. ನಾನು ಬೆಂಗಳೂರಿನ ಅಭ್ಯಾಸದಂತೆ ನೆಲಕ್ಕೆ ಹಳದಿ ಗೆರೆ ಹೊಡೆಸಿ, ಚೌಕ ಮಾಡಿಸಿ, ಅ-1, ಅ-2, ಆ-1 ಎಂದು ಬರೆಸಿದೆ. ಒಂದು ತಿಂಗಳು ಯಾರ ಬಾಯಲ್ಲೂ ಅದು ಬರಲಿಲ್ಲ. "ಆ-3ರಲ್ಲಿ ಇಡಿ" ಎಂದರೆ ಇಡುತ್ತಿದ್ದದ್ದು ಅ-3ರಲ್ಲಿ. ಅಕ್ಷರ ಬರುವುದಿಲ್ಲ ಅಂತಲ್ಲ. ಆ ಜಾಗಗಳಿಗೆ ಅವರ ಹತ್ತಿರ ಮೂವತ್ತು ವರ್ಷದಿಂದ ಹೆಸರು ಇತ್ತು. ಬಾವಿ ಬಾಗಿಲು ನಿಮಗೆ ಗೊತ್ತಾಯಿತು. ಲಾರಿ ಹಿಂದೆ ಬಂದು ಗುದ್ದಿ ಬಿರುಕು ಬಿಟ್ಟ ಗೋಡೆಗೆ ಗುದ್ದುಗೋಡೆ. ಪ್ರತಿ ವರ್ಷ ಬೆಕ್ಕು ಮರಿ ಹಾಕುವ ಕಂಬಕ್ಕೆ ಬೆಕ್ಕಿನ ಕಂಬ. ಪಡುವಣದ ಮೂಲೆಗೆ ಸೋರು ಮೂಲೆ. ಎರಡು ಸಲ ತಗಡು ಬದಲಿಸಿದರೂ ಅಲ್ಲಿ ಸೋರುವುದು ನಿಂತಿಲ್ಲ. ಕೊನೆಗೆ ನನ್ನ ಅ ಆ ಅಳಿಸಿ ಅವರ ಹೆಸರನ್ನೇ ಬರೆಸಿದೆ. ಬಾವಿ-1, ಬಾವಿ-2, ಗುದ್ದು-4, ಬೆಕ್ಕು-3. ಮಾರನೇ ದಿನದಿಂದಲೇ ಸರಿಹೋಯಿತು. ಸೋರು ಮೂಲೆಗೂ ನಂಬರು ಕೊಟ್ಟಿದ್ದೇವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚೀಲ ಇಡಲು ಹೋದರೆ ಮೊಬೈಲು ಕೆಂಪಾಗಿ ಬೇಡ ಎನ್ನುತ್ತದೆ.

ಕೆಲಸ ಈಗ ಹೀಗೆ ನಡೆಯುತ್ತದೆ. ಚೀಲ ತೂಕಕ್ಕೆ ಏರುತ್ತದೆ. ತಕ್ಕಡಿಯ ಅಡಿಯಲ್ಲಿರುವ ಲೋಡ್ ಸೆಲ್ಲಿನ ಲೋಹ ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಆ ಬಾಗನ್ನೇ ವಿದ್ಯುತ್ತಿನ ಲೆಕ್ಕಕ್ಕೆ ತಿರುಗಿಸಿ ಕೆಜಿ ತೋರಿಸುತ್ತದೆ. ಆ ಅಂಕಿ ವೈರಿನಲ್ಲಿ ನೇರ ಕಂಪ್ಯೂಟರಿಗೆ. ಮೊದಲು ಒಬ್ಬರು ಕೂಗಿ ಇನ್ನೊಬ್ಬರು ಬರೆಯುತ್ತಿದ್ದರು, 64 ಹೋಗಿ 46 ಆಗುತ್ತಿತ್ತು. ತೂಕ ಬಂದ ಕೂಡಲೇ ಚೀಟಿ ಅಚ್ಚಾಗುತ್ತದೆ, ಹೊಲಿಯುತ್ತಾರೆ, ಚೌಕದಲ್ಲಿ ಇಟ್ಟು ಚೀಟಿಯನ್ನೂ ಕಂಬದ ಮೇಲಿನ ಕೋಡನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುತ್ತಾರೆ. ಬೆಳೆಗಾರರಿಗೆ ಎಸ್‌ಎಂಎಸ್ ಹೋಗುತ್ತದೆ. ಸಾಫ್ಟ್‌ವೇರು ಚಿಕ್ಕಪ್ಪನ ಮಗ ಬರೆದದ್ದು. ಮೊಬೈಲುಗಳು ಸುಮ್ನೆ ಮಾಮೂಲಿ ಮೊಬೈಲುಗಳೇ.

ಗೋಡೆಯಲ್ಲಿ ನಾಲ್ಕು ಕಡೆ ತೇವ ಅಳೆಯುವ ಸಣ್ಣ ಪೆಟ್ಟಿಗೆಗಳಿವೆ. ಕಾಲು ಗಂಟೆಗೊಮ್ಮೆ ವರದಿ ಕಳಿಸುತ್ತವೆ. ಗಾಳಿಯ ತೇವ ಶೇ. 70 ದಾಟಿ ಹಾಗೇ ಕೂತರೆ ಬೂಷ್ಟು ಹಿಡಿಯುವ ಭಯ. ಆಗ ಫ್ಯಾನು ಹಾಕುತ್ತೇವೆ, ಹೊರಗೆ ಒಣ ಗಾಳಿ ಇದ್ದರೆ ಮಾತ್ರ ಬಾಗಿಲು ತೆರೆಯುತ್ತೇವೆ. ಇದರಿಂದ ಒಂದು ಜಗಳವೂ ನಿಂತಿದೆ. ಇಟ್ಟಾಗ 65 ಕೆಜಿ, ತೆಗೆದಾಗ 64.3 ಬಂದರೆ ಮೊದಲೆಲ್ಲ ನಮ್ಮನ್ನು ಕಳ್ಳರಂತೆ ನೋಡುತ್ತಿದ್ದರು. ಈಗ ಮಳೆಗಾಲದಲ್ಲಿ ಇಟ್ಟ ದಿನದ ತೇವ, ಬೇಸಿಗೆಯಲ್ಲಿ ತೆಗೆದ ದಿನದ ತೇವ ಎರಡನ್ನೂ ತೋರಿಸುತ್ತೇನೆ. ಅಡಿಕೆ ಒಣಗಿದ್ದನ್ನು ಬೆಳೆಗಾರರಿಗೆ ಬೇರೆ ವಿವರಿಸಬೇಕಾಗಿಲ್ಲ. ಅವರಿಗೆ ಬೇಕಿದ್ದದ್ದು ಕಡಿಮೆಯಾದದ್ದು ನಮ್ಮ ಕೈ ಸೇರಿಲ್ಲ ಎಂಬ ಗುರುತು.

ಕರೆಂಟು ಮತ್ತು ನೆಟ್‌ವರ್ಕ್ ಬಗ್ಗೆ ಮಲೆನಾಡಿನವರಿಗೆ ನಾನು ಹೇಳುವುದೇನಿದೆ. ಗಾಳಿ ಬಂದರೆ ಎಲ್ಲೋ ಮರ ಬಿತ್ತು ಅಂತಲೇ ಲೆಕ್ಕ. ಅದಕ್ಕೆ ಸ್ಕ್ಯಾನ್ ಮಾಡಿದ್ದು ಮೊದಲು ಮೊಬೈಲಿನಲ್ಲೇ ಉಳಿದು, ನೆಟ್ ಬಂದಾಗ ಹೋಗುವಂತೆ ಮಾಡಿಕೊಂಡಿದ್ದೆವು. ಒಂದು ದಿನ ಕಂಪ್ಯೂಟರ್ 38 ಚೀಲ ಜಾಸ್ತಿ ತೋರಿಸಿತು. ಎಣಿಸಿ ಎಣಿಸಿ ಸುಸ್ತಾದೆವು. ಆದದ್ದೇನೆಂದರೆ ಮೊಬೈಲು 38 ಲೆಕ್ಕ ಕಳಿಸಿದೆ, ಅದು ಮುಟ್ಟಿದೆ, ಮುಟ್ಟಿತು ಎಂಬ ಉತ್ತರ ಬರುವಷ್ಟರಲ್ಲಿ ಕರೆಂಟು ಹೋಗಿದೆ. ಪಾಪ, ಮುಟ್ಟಿಲ್ಲ ಅಂದುಕೊಂಡು ಅದು ಮತ್ತೆ ಕಳಿಸಿದೆ. ಈಗ ಪ್ರತಿ ಸ್ಕ್ಯಾನಿಗೂ ಅದರದೇ ಒಂದು ನಂಬರು. ಅದೇ ನಂಬರು ಎರಡನೇ ಸಲ ಬಂದರೆ ಕಂಪ್ಯೂಟರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ರೋಬೋ ತರ್ತೀರಾ ಎಂದು ಕೇಳುವವರು ಬಹಳ. ಅಮೆಜಾನ್ 2012ರಲ್ಲಿ ಕೀವಾ ಎಂಬ ಕಂಪನಿಯನ್ನು 77.5 ಕೋಟಿ ಡಾಲರಿಗೆ ಕೊಂಡಿತು. ಕೇರಂ ಬೋರ್ಡಿನಷ್ಟು ಅಗಲದ ಯಂತ್ರ ನೆಲದಲ್ಲಿ ಹರಿದು ಹೋಗಿ, ಇಡೀ ಕಪಾಟನ್ನೇ ಹೊತ್ತು ಮನುಷ್ಯನ ಮುಂದೆ ತಂದು ನಿಲ್ಲಿಸುತ್ತದೆ. ಅದಕ್ಕೆ ಕನ್ನಡಿಯಂಥ ನೆಲ ಬೇಕು, ವರ್ಷವಿಡೀ ಕೆಲಸ ಬೇಕು. ನಮ್ಮ ನೆಲದಲ್ಲಿ ಗೋಲಿ ಬಿಟ್ಟರೆ ತಾನಾಗಿ ಬಾವಿ ಬಾಗಿಲಿಗೆ ಹೋಗುತ್ತದೆ. ಕೆಲಸವೂ ಕೊಯ್ಲಿನ ನಾಲ್ಕು ತಿಂಗಳಷ್ಟೇ ಭರ್ಜರಿ. ಅದರ ಬದಲು ತಂದದ್ದು ಮೂಟೆ ಮೇಲೆ ಹತ್ತಿಸುವ ಬೆಲ್ಟು. ಮೋಟಾರು, ರಬ್ಬರಿನ ಪಟ್ಟಿ, ಏರಿಸಿ ಇಳಿಸಬಹುದಾದ ಚೌಕಟ್ಟು, ಅಡಿಗೆ ಗಾಲಿ. ನಾನು ತಂದದ್ದರಲ್ಲಿ ಎಲ್ಲಕ್ಕಿಂತ ಹಳೇ ಕಾಲದ ಯಂತ್ರ ಇದು. ಹಮಾಲಿಯವರು ಬಾಯಿಬಿಟ್ಟು ಹೊಗಳಿದ್ದು ಇದೊಂದನ್ನೇ. 65 ಕೆಜಿಯನ್ನು ಬೆನ್ನ ಮೇಲೆ ಹಾಕಿಕೊಂಡು, ಚೀಲಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತನೇ ಸಾಲಿಗೆ ಏರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮೇಸ್ತ್ರಿಯ ಎಡ ಭುಜ ಬಲಕ್ಕಿಂತ ಕೆಳಗಿದೆ.

ಆದರೆ ಬೆಲ್ಟಿನ ಜೊತೆಗೆ ಕೂಲಿಯ ಮಾತೂ ಬಂತು. ಹಮಾಲಿ ಚೀಲದ ಲೆಕ್ಕ. ಹತ್ತಿಸುವುದು ಯಂತ್ರ ಆದ ಮೇಲೆ ರೇಟು ಸ್ವಲ್ಪ ಇಳಿಯಬೇಕು ಎಂದು ಅಪ್ಪ. ಯಂತ್ರ ತಂದದ್ದು ನೀವು, ಚೀಲ ಚೀಲವೇ ಎಂದು ಮೇಸ್ತ್ರಿ. ಇಬ್ಬರೂ ನನ್ನ ಮುಖ ನೋಡಿದರು. ಲಾರಿ ಬೇಗ ಖಾಲಿಯಾದರೆ ಲಾಭ ನಮಗೇ ಅಲ್ವಾ, ರೇಟು ಮುಟ್ಟಬೇಡಿ ಎಂದೆ. ಅಪ್ಪ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೇಸ್ತ್ರಿಗೆ ಸ್ಕ್ಯಾನ್ ಮಾಡುವುದು ಮೊದಲಿಗೆ ಇಷ್ಟವಿರಲಿಲ್ಲ. "ನಮ್ಮನ್ನೇ ಎಣಿಸೋ ಯಂತ್ರ ಇದು" ಎನ್ನುತ್ತಿದ್ದರು. ಒಂದು ರಾತ್ರಿ ಜೋರು ಮಳೆ. ಸೋರು ಮೂಲೆಯಿಂದ ನೀರು ಹರಿದು ಗುದ್ದು-1ರ ಹತ್ತಿರ ಬಂದಿದೆ. ಅವರು ಹುಡುಗರನ್ನು ಎಬ್ಬಿಸಿ 22 ಚೀಲ ಬೇರೆ ಕಡೆಗೆ ಸಾಗಿಸಿದರು, ಸ್ಕ್ಯಾನ್ ಮಾಡಲಿಲ್ಲ. ಬೆಳಿಗ್ಗೆ ನಾನು ರೇಗಿದೆ. ಅವರು, "ಅಡಿಕೆ ಉಳಿಸ್ಲೋ, ಫೋಟೋ ತೆಗೀಲೋ?" ಎಂದು ಕೇಳಿದರು. ಸ್ಕ್ಯಾನ್ ಮಾಡುವುದಕ್ಕೆ ಅವರು ಫೋಟೋ ಎನ್ನುವುದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಧ್ಯಾಹ್ನ ಅವರೇ ಮೊಬೈಲು ಕೇಳಿ ತೆಗೆದುಕೊಂಡು ಹೋಗಿ ಇಪ್ಪತ್ತೆರಡರ ಫೋಟೋವನ್ನೂ ತೆಗೆದು ಬಂದರು.

ಕಳೆದ ತಿಂಗಳ ಕೊನೆಯ ಶನಿವಾರ. ಬಟವಾಡೆಯ ದಿನ. ಅಪ್ಪ ತಮ್ಮ ಉದ್ದ ಪುಸ್ತಕ ತೆಗೆದು, ಐದೈದು ಗೀಟಿನ ಕಟ್ಟು ಎಣಿಸಿ, "ಎರಡು ಸಾವಿರದ ಇನ್ನೂರು ಚೀಲ ಅಂತ ಹಿಡ್ಕಳ್ಳಣ" ಎಂದರು. ಅಪ್ಪ ಯಾವತ್ತೂ ಹಾಗೇ. ಮೇಲಿನ ಚಿಲ್ಲರೆ ಬಿಡುವುದು ಅವರ ರೂಢಿ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ಟೇಬಲಿನ ಮೇಲೆ ಬಿಡಿಸಿ ಇಟ್ಟರು. ನಮ್ಮದೇ ಪ್ರಿಂಟರಿನ ಕಾಗದ. ಬೆಳಿಗ್ಗೆ ಚಿಕ್ಕಪ್ಪನ ಮಗನ ಹತ್ತಿರ ಕೇಳಿ ತೆಗೆಸಿಕೊಂಡಿದ್ದರಂತೆ. ದಿನದ ಲೆಕ್ಕ, ಲಾರಿಯ ಲೆಕ್ಕ, ಕೆಳಗೆ ಒಟ್ಟು.

"2,264 ಅಂತ ಹೇಳ್ತದೆ ನಿಮ್ಮ ಯಂತ್ರ" ಎಂದರು.

ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ನನ್ನ ಕಡೆ ಒಮ್ಮೆ ನೋಡಿದರು. ಪುಸ್ತಕದಲ್ಲಿ ಬರೆದ 2,200 ಹೊಡೆದು ಹಾಕಿ, ಪಕ್ಕದಲ್ಲಿ 2,264 ಬರೆದು, ದುಡ್ಡು ಎಣಿಸಿ ಕೊಟ್ಟರು. ಮೇಸ್ತ್ರಿ ಕಾಗದವನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಹೋದ ಮೇಲೆ ಅಪ್ಪ, "ಆ ಪ್ರಿಂಟರಿಗೆ ಒಂದು ಬೀಗ ಹಾಕಕ್ಕೆ ಬರಲ್ವೇನೇ?" ಎಂದು ಕೇಳಿದರು.